ಮೂರು ಮಾರಿನ ಮನೆ

ವನಜಾಕ್ಷಿಯ ದನಿ ನಾನೂರು ಮಾರು ದೂರ ಹೋಗುತ್ತದೆ. ನನ್ನದು ಮೂರು ಮಾರು. ಎರಡೂ ಕೈ ಚಾಚಿದರೆ ಒಂದು ಮಾರು, ಅಂಥ ಮೂರು. ಅದರಾಚೆ ಒಂದು ಹೆಜ್ಜೆ ಇಟ್ಟು ನಿಂತವರಿಗೆ ನನ್ನ ಬಾಯಿ ಆಡುವುದು ಕಾಣುತ್ತದೆ, ಮಾತು ಮುಟ್ಟುವುದಿಲ್ಲ. ಗಂಟಲು ಹರಿಯುವಂತೆ ಕಿರುಚಿದರೂ ಅಷ್ಟೆ. ನಮ್ಮಪ್ಪನದೂ ಮೂರು, ಅವನಪ್ಪನದೂ ಮೂರು. ನಾನು ಹೊಟ್ಟೆಕಿಚ್ಚಿನ ಹೆಂಗಸು. ಕಥೆ ಮುಗಿಯುವಷ್ಟರಲ್ಲಿ ಅದು ನಿಮಗೆ ಹೇಗೂ ತಿಳಿಯುತ್ತದೆ; ನಾನಾಗಿ ಮೊದಲೇ ಒಪ್ಪಿಕೊಂಡರೆ ಒಂದಿಷ್ಟು ಮರ್ಯಾದೆಯಾದರೂ ಉಳಿದೀತು ಎಂದು ಹೇಳುತ್ತಿದ್ದೇನೆ.

ನಮ್ಮೂರಿನಲ್ಲಿ ದನಿ ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಮದುವೆಯಾಗಿ ಹೋದ ಹೆಣ್ಣು ತನ್ನ ದನಿಯನ್ನು ತನ್ನ ಜೊತೆಗೇ ಒಯ್ಯುತ್ತಾಳೆ, ಅವಳ ಮಕ್ಕಳಿಗೆ ಮಾತ್ರ ಗಂಡನ ಮನೆಯದು. ಐದು ವರ್ಷ ತುಂಬಿದ ಮಗುವನ್ನು ಹೊಳೆಯ ದಡದಲ್ಲಿ ನಿಲ್ಲಿಸಿ, ಹಗ್ಗ ಹಿಡಿದು ಅಳೆಯುತ್ತಾರೆ. ಅದು ಬರೀ ಶಾಸ್ತ್ರ. ಎಷ್ಟು ಬರುತ್ತದೆಂದು ಅಳೆಯುವವನಿಗೂ ಗೊತ್ತು, ಅಳೆಸಿಕೊಳ್ಳುವ ಮಗುವಿಗೂ ಗೊತ್ತು. ಹೆಣ್ಣು ಕೇಳಲು ಬಂದವರು ಕೊಟ್ಟ ನೀರು ಕುಡಿಯುವ ಮೊದಲೇ ನಿಮ್ಮದು ಎಷ್ಟು ಮಾರಿನ ಮನೆ ಎಂದು ವಿಚಾರಿಸುತ್ತಾರೆ. ನೂರು ಮಾರಿನ ಮೇಲಿನವರು ತಮ್ಮ ತಮ್ಮಲ್ಲೇ ಕೊಟ್ಟು ತಂದುಕೊಳ್ಳುತ್ತಾರೆ. ಮೇಷ್ಟ್ರಾಗುವವರು, ಸಂತೆಯಲ್ಲಿ ಹರಾಜು ಕೂಗುವವರು, ನಾಲ್ಕು ಜನ ಸೇರಿದಲ್ಲಿ ಎದ್ದು ನಿಂತು ಮಾತಾಡುವವರು ಎಲ್ಲರೂ ಆ ಮನೆಗಳಿಂದಲೇ ಬರುತ್ತಾರೆ.

ನಮ್ಮ ಕೇರಿಯವರು ನಮಗೆ ತಕ್ಕ ಹಾಗೆ ಬಾಳಿಕೊಂಡಿದ್ದೇವೆ. ಮನೆಗಳನ್ನು ಗೋಡೆಗೆ ಗೋಡೆ ಒತ್ತಿ ಕಟ್ಟಿದ್ದೇವೆ. ಮಕ್ಕಳನ್ನು ಕೂಗಿ ಕರೆಯಲಾಗದ್ದಕ್ಕೆ ಕಾಲಿಗೆ ಗೆಜ್ಜೆ ಕಟ್ಟಿ, ಸದ್ದು ಬಂದ ಕಡೆ ಹೋಗಿ ಹಿಡಿದು ತರುತ್ತೇವೆ. ಸೊಪ್ಪು ಮಾರುವವರು ತಟ್ಟೆ ಬಡಿಯುತ್ತಾರೆ. ಶಾಲೆಯಲ್ಲಿ ನಮ್ಮ ಮಕ್ಕಳು ಮುಂದಿನ ಬೆಂಚಿಗಾಗಿ ಕಚ್ಚಾಡುತ್ತಾರೆ, ಏಕೆಂದರೆ ಹಿಂದೆ ಕೂತು ಹಾಜರಿ ಹೇಳಿದರೆ ಮೇಷ್ಟ್ರಿಗೆ ಕೇಳಿಸದೆ ಗೈರುಹಾಜರಿ ಬೀಳುತ್ತದೆ. ನನಗೆ ಎರಡನೆಯ ಕ್ಲಾಸಿನಲ್ಲಿ ತಿಂಗಳಿಡೀ ಹಾಗೆ ಬಿದ್ದಿತ್ತು. ನಮ್ಮ ಚಿಕ್ಕಪ್ಪ ಒಮ್ಮೆ ಹಟ ಹಿಡಿದು ಆಳುದ್ದದ ತಗಡಿನ ತುತ್ತೂರಿ ಮಾಡಿಸಿ ಅದರೊಳಗೆ ಬಾಯಿಟ್ಟು ಕೂಗಿ ನೋಡಿದ. ಹಗ್ಗ ಹಿಡಿದರೆ ಮೂರು ಮಾರೇ ಬಂತು. ಚಿಕ್ಕಮ್ಮ ಅದನ್ನು ಕತ್ತರಿಸಿ ಒಲೆಗೆ ಊದುಕೊಳವೆ ಮಾಡಿಕೊಂಡಳು.

ವನಜಾಕ್ಷಿ ಮತ್ತು ನಾನು ಒಂದೇ ವಾರಿಗೆಯವರು. ಅವಳದು ಊರಿಗೇ ದೊಡ್ಡ ದನಿಯ ಮನೆ. ಅವಳು ಕೂಸಾಗಿ ಹಾಲಿಗೆ ಅತ್ತರೆ ಆಚೆ ದಡದ ಅಂಬಿಗರಿಗೆ ಹೊತ್ತು ತಿಳಿಯುತ್ತಿತ್ತಂತೆ. ನಾನು ಅತ್ತಾಗ ತೊಟ್ಟಿಲ ಬುಡದಲ್ಲಿ ಕೂತಿದ್ದ ಅಜ್ಜಿಗೆ ಮಾತ್ರ ತಿಳಿಯುತ್ತಿತ್ತು. ಆದರೆ ನನಗೆ ಹೊಳೆ ಗೊತ್ತಿತ್ತು. ಅಪ್ಪ ದೋಣಿ ನಡೆಸುತ್ತಿದ್ದ. ನಾನು ಕೂಗಿದರೆ ಅವನಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೆ ಮನೆಯಲ್ಲಿ ಬಿಡದೆ ದೋಣಿಯಲ್ಲೇ ತನ್ನ ಮೊಣಕಾಲಿನ ಹತ್ತಿರ ಕೂರಿಸಿಕೊಂಡು ಹೋಗುತ್ತಿದ್ದ. ಹುಟ್ಟು ನೀರಿಗೆ ಬೀಳುವ ಸದ್ದು ಎಲ್ಲಿ ಹೇಗೆ ಬದಲಾಗುತ್ತದೆ, ಯಾವ ಬಂಡೆಯಿಂದ ಎಷ್ಟು ಹುಟ್ಟು ಹಾಕಿದರೆ ಯಾವ ಬಂಡೆ ಬರುತ್ತದೆ ಎನ್ನುವುದನ್ನೆಲ್ಲ ಅವನು ನನ್ನ ಕಿವಿಗೆ ತುಂಬಿದ. ಹತ್ತು ವರ್ಷದವಳಿದ್ದಾಗ ನಾನು ಕಣ್ಣು ಮುಚ್ಚಿ ಕೂತು ಇದು ಯಾರ ದೋಣಿ, ಈಗ ಎಲ್ಲಿದೆ ಎಂದು ಹೇಳುತ್ತಿದ್ದೆ. ಮೂರು ಮಾರಿನೊಳಗೆ ಇದ್ದವರು ಬೆರಗಾಗುತ್ತಿದ್ದರು.

ನಮ್ಮ ಹೊಳೆಗೆ ವರ್ಷದಲ್ಲಿ ಏಳು ತಿಂಗಳು ಬೆಳಗಿನ ಹೊತ್ತು ಮಂಜು ಮುಸುಕುತ್ತದೆ. ದೋಣಿಯ ಮೂತಿ ದೋಣಿಯವನಿಗೇ ಕಾಣುವುದಿಲ್ಲ. ಗಂಟೆ ಹೊಡೆದರೆ ಆ ಮಂಜಿನಲ್ಲಿ ಸದ್ದು ನಾಲ್ಕು ಕಡೆಯಿಂದಲೂ ಬಂದ ಹಾಗಾಗಿ ಅಂಬಿಗ ದಿಕ್ಕು ತಪ್ಪುತ್ತಾನೆ. ಮನುಷ್ಯರ ದನಿ ಒಂದೇ ನೆಟ್ಟಗೆ ಹೋಗುವುದು. ಅದಕ್ಕೆ ದಡದಲ್ಲಿ ಒಂದು ಎತ್ತರದ ಕಲ್ಲಿದೆ, ಅದರ ಮೇಲೆ ನಿಂತು ಎಡಕ್ಕೆ, ಬಲಕ್ಕೆ, ನೇರ ಎಂದು ಕೂಗಿ ದೋಣಿಗಳನ್ನು ದಡಕ್ಕೆ ತರುವ ಹೆಂಗಸಿಗೆ ಊರು ಕೈಮುಗಿಯುತ್ತದೆ. ಹಳಬಳು ತೀರಿಕೊಂಡಾಗ ನನಗೂ ವನಜಾಕ್ಷಿಗೂ ಇಪ್ಪತ್ತು. ಇಬ್ಬರೂ ಪರೀಕ್ಷೆಗೆ ನಿಂತೆವು. ಬಂಡೆಗಳ ಪಾಠವನ್ನು ನಾನು ತಡವರಿಸದೆ ಹೇಳಿದೆ. ಅವಳು ಎರಡನೆಯ ಬಂಡೆಯಲ್ಲೇ ಮುಗ್ಗರಿಸಿ, ನಕ್ಕು, ಸೆರಗು ಕಚ್ಚಿ ನಿಂತಳು. ಆಮೇಲೆ ಹಗ್ಗ ತಂದರು. ದೋಣಿ ಕಡವಿನ ಯಜಮಾನ ಪಂಪಣ್ಣ ನನ್ನ ಹತ್ತಿರ ಬಂದು, ಮೂರು ಮಾರಿನೊಳಗೆ ನಿಂತು, ಬಹಳ ಒಳ್ಳೆಯ ಮಾತಿನಲ್ಲಿ ನಿನಗೂ ಒಂದು ಜಾಗ ಇದೆಯಮ್ಮ ಎಂದ. ವನಜಾಕ್ಷಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ನನ್ನನ್ನು ಅವಳ ಪಕ್ಕದಲ್ಲಿ ನಿಲ್ಲಿಸಿದರು. ನಾನು ಹೇಳಬೇಕು, ಅವಳು ಕೂಗಬೇಕು. ಊರಿನ ಬಾಯಲ್ಲಿ ಅವತ್ತಿನಿಂದ ಹೊನ್ನಿ ಎಂಬ ನನ್ನ ಹೆಸರು ಹೋಗಿ ಪಕ್ಕದವಳು ಎಂದಾಯಿತು.

ಹದಿನಾರು ವರ್ಷ ಹೀಗೆ ನಡೆಯಿತು. ನಾನು ಹುಟ್ಟಿನ ಸದ್ದು ಆಲಿಸಿ, ಎಣಿಸಿ, ಎಡಕ್ಕೆ ಎನ್ನುತ್ತಿದ್ದೆ. ಅವಳು ಎಡಕ್ಕೇಏ ಎಂದು ಕೂಗುತ್ತಿದ್ದಳು. ಎಣಿಕೆ ನನ್ನ ತಲೆಯಲ್ಲಿ, ಕೂಗು ಅವಳ ಬಾಯಲ್ಲಿ. ದಡ ಮುಟ್ಟಿದ ಅಂಬಿಗರು ಮೊದಲ ಮೀನನ್ನು ಅವಳ ಬುಟ್ಟಿಗೆ ಹಾಕುತ್ತಿದ್ದರು. ಬಾಣಂತಿಯರು ಕೂಸನ್ನು ತಂದು ಅವಳ ಕಾಲ ಬಳಿ ಇಡುತ್ತಿದ್ದರು, ಇದರಪ್ಪ ನಿಮ್ಮ ದನಿ ಹಿಡಿದು ಮನೆಗೆ ಬಂದ ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಒಂದು ಮಾರು ದೂರದಲ್ಲಿ ನಿಂತು ನೋಡುತ್ತಿದ್ದೆ. ನನ್ನ ಮೈ ಉರಿಯುತ್ತಿತ್ತು. ಅವಳ ಸೀರೆಯ ಅಂಚು ಕಂಡರೂ ಉರಿಯುತ್ತಿತ್ತು, ಅವಳು ಕೆಮ್ಮಿದರೂ ಉರಿಯುತ್ತಿತ್ತು, ಏಕೆಂದರೆ ಆ ಕೆಮ್ಮೂ ನಾನೂರು ಮಾರು ಹೋಗುತ್ತಿತ್ತು.

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಹಾಗಿರಲಿಲ್ಲ. ಬುಟ್ಟಿಯ ಮೀನಿನಲ್ಲಿ ಅರ್ಧ ನನ್ನ ಮನೆಗೆ ಬರುತ್ತಿತ್ತು, ಅದೂ ದೊಡ್ಡವೇ. ಯಾರಾದರೂ ಹೊಗಳಿದರೆ ಎಲ್ಲ ಹೊನ್ನಿ ಹೇಳಿಕೊಡೋದು, ನಂದೇನೂ ಇಲ್ಲ ಎನ್ನುತ್ತಿದ್ದಳು. ಕೇಳಿದವರು, ನೋಡಿ, ಅಂಥ ಮನೆಯಲ್ಲಿ ಹುಟ್ಟಿ ಎಷ್ಟು ವಿನಯ ಎಂದು ಇನ್ನಷ್ಟು ಹೊಗಳುತ್ತಿದ್ದರು. ಅವಳ ವಿನಯವೂ ಅವಳ ಲೆಕ್ಕಕ್ಕೇ ಜಮೆಯಾಗುತ್ತಿತ್ತು. ನನ್ನ ವಿನಯವನ್ನು ಯಾರೂ ಕಂಡವರಿಲ್ಲ. ಮೂರು ಮಾರಿನ ಮನೆಯವರು ತಗ್ಗಿ ನಡೆದರೆ ಅದನ್ನು ವಿನಯ ಎಂದು ಕರೆಯುವ ರೂಢಿ ನಮ್ಮೂರಲ್ಲಿಲ್ಲ.

ನಾನು ಬಲೆ ಹೆಣೆಯುವವನನ್ನು ಮದುವೆಯಾದೆ. ಅವನದು ಎರಡೂವರೆ ಮಾರಿನ ಮನೆ. ಮಗಳು ದ್ಯಾಮಿಗೆ ಐದು ತುಂಬಿದಾಗ ಹಗ್ಗ ಹಿಡಿದರು, ಎರಡೂವರೆಯೇ ಬಂತು. ನನ್ನದಕ್ಕಿಂತ ಅರ್ಧ ಮಾರು ಕಡಿಮೆ. ಹಗ್ಗದವನು ಸುತ್ತಿಕೊಂಡು ಹೋದ ಮೇಲೆ ದ್ಯಾಮಿ, ಅವ್ವ ನಾನು ಇನ್ನೂ ಜೋರಾಗಿ ಕೂಗಬೇಕಿತ್ತಾ ಎಂದು ಕೇಳಿದಳು. ನಾನು ಅವತ್ತೇ ಅವಳಿಗೆ ಹೊಳೆಯ ಪಾಠ ಶುರು ಮಾಡಿದೆ. ವನಜಾಕ್ಷಿಯ ಮಗಳು ಸುಗುಣ ನನ್ನ ಮಗಳಿಗಿಂತ ಎರಡು ತಿಂಗಳಿಗೆ ದೊಡ್ಡವಳು, ಅವಳಪ್ಪನ ಮನೆಯ ಮುನ್ನೂರ ಎಂಬತ್ತು ಮಾರಿನ ದನಿ. ನಾಳೆ ಸುಗುಣ ಕಲ್ಲು ಹತ್ತುತ್ತಾಳೆ, ಪಕ್ಕದಲ್ಲಿ ನನ್ನ ಮಗಳು ನಿಲ್ಲುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಪಕ್ಕದ ಜಾಗವನ್ನು ನಾನು ಶಪಿಸುತ್ತಿದ್ದೆ ನಿಜ. ಆದರೆ ನಮ್ಮ ಮನೆಯಿಂದ ಮಗಳಿಗೆ ಕೊಡುವುದಕ್ಕೆ ಇದ್ದದ್ದು ಅದೊಂದೇ.

ಹುಡುಗಿಯರಿಗೆ ಹದಿನಾಲ್ಕು ನಡೆಯುವಾಗ ಒಂದು ಮಧ್ಯಾಹ್ನ ವನಜಾಕ್ಷಿ ನಮ್ಮ ಕೇರಿಗೆ ಬಂದಳು. ಚಾಪೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ದನಿ ತಗ್ಗಿಸಿ ಮಾತಾಡಿದಳು. ನಮ್ಮ ಮನೆಗೆ ಬಂದಾಗ ಅವಳು ಯಾವಾಗಲೂ ದನಿ ತಗ್ಗಿಸುತ್ತಾಳೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

"ಹೊನ್ನಿ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬೇಡ. ಸುಗುಣಂಗೆ ಎಲ್ಲಾ ಬಂಡೆನೂ ನೀನೇ ಕಲಿಸ್ಕೊಡು. ಪರೀಕ್ಷೆ ಆದ್ಮೇಲೆ ಈ ಸಲದ ಮಂಜಿಗೆ ಕಲ್ಲು ಅವಳಿಗೇ ಬಿಟ್ಕೊಡ್ತೀನಿ. ನನ್ ಥರ ಅವಳು ಇನ್ನೊಬ್ರ ಬಾಯಿ ನೋಡ್ಕೊಂಡು ನಿಲ್ಲೋದು ಬೇಡ ಕಣೆ. ಹದಿನಾರು ವರ್ಷ ಕೂಗಿದೀನಿ, ನೀನು ಹೇಳಿದ್ದು ಬಾಯಿಂದ ಆಚೆ ಹೋಗುತ್ತೆ, ಒಂದೂ ತಲೇಲಿ ನಿಂತಿಲ್ಲ. ನಾಚಿಕೆ ಆಗುತ್ತೆ."

ನಾನು ಅವಳ ಮುಖ ನೋಡಿದೆ. ದ್ಯಾಮಿಯ ವಿಚಾರ ಅವಳಿಗೆ ಹೊಳೆದೇ ಇರಲಿಲ್ಲ. ಸುಳ್ಳಲ್ಲ, ನಿಜವಾಗಿಯೂ ಹೊಳೆದಿರಲಿಲ್ಲ. ದನಿ ಅವರ ಮನೆಯದಾಗಿಯೇ ಇತ್ತು, ಈಗ ನಮ್ಮಪ್ಪ ನನಗೆ ಕೊಟ್ಟದ್ದೂ ಅಲ್ಲಿಗೇ ಹೋಗಬೇಕು, ಅದನ್ನು ನಾನೇ ಕೈಯಾರೆ ಒಯ್ದು ಒಪ್ಪಿಸಿ ಬರಬೇಕು. ದ್ಯಾಮಿ ತಟ್ಟೆ ಬಡಿದು ಸೊಪ್ಪು ಮಾರಬೇಕು. ಇದೆಲ್ಲ ಒಂದು ಕ್ಷಣದಲ್ಲಿ ನನಗೆ ಕಂಡಿತು. ಆಗಲಿ ವನಜಾ, ಅದಕ್ಕೇನಂತೆ ಎಂದೆ.

ದಿನಾ ಸಂಜೆ ಅವಳ ಮನೆಯ ಜಗಲಿಗೆ ಹೋಗಿ ಕಲಿಸಿದೆ. ಸುಗುಣ ಚುರುಕು ಹುಡುಗಿ, ಅಮ್ಮನ ಹಾಗಲ್ಲ, ಒಮ್ಮೆ ಹೇಳಿದರೆ ಹಿಡಿಯುತ್ತಿದ್ದಳು. ಆನೆಬೆನ್ನು ಬಂಡೆಯಿಂದ ಜೋಡಿಗುಂಡಿನವರೆಗೆ ಎಲ್ಲವನ್ನೂ ಸರಿಯಾಗಿ ಹೇಳಿಕೊಟ್ಟೆ. ಜೋಡಿಗುಂಡು ದಾಟಿದ ಮೇಲೆ ಇಪ್ಪತ್ತಾರು ಹುಟ್ಟು ಹಾಕಿ ಎಡಕ್ಕೆ ಹೊರಳಬೇಕು. ಅದಕ್ಕೂ ಮೊದಲೇ ಹೊರಳಿದರೆ ನೀರಿನಡಿ ಮಲಗಿರುವ ಗೂಳಿಬಂಡೆಗೆ ದೋಣಿಯ ಹೊಟ್ಟೆ ಬಡಿಯುತ್ತದೆ. ಅದನ್ನು ಹೇಳಿಕೊಡುವ ದಿನ ಜಗಲಿಯಲ್ಲಿ ಕೂತು ನಾನು ಹದಿನಾರು ಎಂದೆ. ಸುಗುಣ ಹದಿನಾರು ಎಂದಳು. ಇನ್ನೊಮ್ಮೆ ಹೇಳಿಸಿದೆ.

ನಾನು ಯಾರನ್ನೂ ಮುಳುಗಿಸಬೇಕೆಂದು ಹೇಳಿದ್ದಲ್ಲ. ನನ್ನ ಲೆಕ್ಕ ಹೀಗಿತ್ತು. ಹುಡುಗಿ ಪರೀಕ್ಷೆ ಗೆಲ್ಲುತ್ತಾಳೆ, ಮಂಜು ಬಿದ್ದ ಮೊದಲ ದಿನ ಕಲ್ಲು ಹತ್ತುತ್ತಾಳೆ. ನಾನು ಅಲ್ಲೇ ಇರುತ್ತೇನೆ. ಅವಳು ಹದಿನಾರಕ್ಕೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ತಡೆದು ಇಪ್ಪತ್ತಾರು ಎನ್ನುತ್ತೇನೆ. ಆಗ ಊರಿಗೆ ತಿಳಿಯುತ್ತದೆ, ಎಷ್ಟು ಕಲಿತರೂ ಪಕ್ಕದಲ್ಲಿ ನಮ್ಮ ಮನೆಯವರು ಬೇಕೇ ಬೇಕು ಎಂದು. ನನ್ನ ಮಗಳ ಜಾಗ ಉಳಿಯುತ್ತದೆ. ಲೆಕ್ಕ ಚೆನ್ನಾಗಿಯೇ ಇತ್ತು. ಮನೆಗೆ ಹೋಗುವ ದಾರಿಯಲ್ಲಿ ಎಷ್ಟೋ ವರ್ಷದ ಮೇಲೆ ಹೊಟ್ಟೆ ತಣ್ಣಗಿತ್ತು.

ಪರೀಕ್ಷೆಯ ದಿನ ಬಿಸಿಲು ಚೆನ್ನಾಗಿತ್ತು. ಊರಿನ ಹಿರಿಯರು ದಡದ ಮೇಲೆ ಇಪ್ಪತ್ತು ಮಾರು ದೂರದಲ್ಲಿ ಕಂಬಳಿ ಹಾಸಿ ಕೂತಿದ್ದರು. ಪಂಪಣ್ಣನಿಗೆ ಈಗ ಹಲ್ಲಿಲ್ಲ, ಗತ್ತು ಮಾತ್ರ ಹಾಗೇ ಇದೆ. ಕಲ್ಲಿನ ಬುಡದಲ್ಲಿ ಪಕ್ಕದವಳು ಕೂರಬೇಕು, ಪಾಠದಲ್ಲಿ ತಪ್ಪು ಬಂದರೆ ಅವಳು ಕೈ ಎತ್ತಬೇಕು, ಕೈ ಎತ್ತಿದರೆ ಪರೀಕ್ಷೆ ಇನ್ನೊಂದು ವರ್ಷಕ್ಕೆ ಹೋಯಿತು. ಇದು ಕಡವಿನ ಕಟ್ಟಳೆ. ತಪ್ಪೋ ಸರಿಯೋ ಎಂದು ಹೇಳಬಲ್ಲವರು ನನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ ಎಂದುಕೊಂಡಿದ್ದೆ. ಅಂಬಿಗರಿಗೆ ಬೆಳಕಿನಲ್ಲಿ ಕಣ್ಣಳತೆ ಗೊತ್ತು, ಮಂಜಿನ ಎಣಿಕೆ ಗೊತ್ತಿಲ್ಲ. ನನ್ನ ಎಡಕ್ಕೆ ವನಜಾಕ್ಷಿ ನಿಂತಿದ್ದಳು, ಅವಳ ಕೈ ಬೆವರುತ್ತಿತ್ತು, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಬಲಕ್ಕೆ ದ್ಯಾಮಿ. ಅವಳನ್ನು ನಾನು ಕರೆದಿರಲಿಲ್ಲ. ಗೆಳತಿಯ ಪರೀಕ್ಷೆ ನೋಡಬೇಕೆಂದು ತಾನಾಗಿ ಬಂದು ಕೂತಿದ್ದಳು.

ಸುಗುಣ ಕಲ್ಲು ಹತ್ತಿ ಶುರು ಮಾಡಿದಳು. ಅವಳ ದನಿ ಹೊಳೆಯನ್ನು ದಾಟಿ ಆಚೆ ದಡಕ್ಕೆ ಮುಟ್ಟಿತು. ಒಂದೊಂದು ಬಂಡೆಗೂ ಹಿರಿಯರು ತಲೆದೂಗುತ್ತಿದ್ದರು. ಜೋಡಿಗುಂಡು ದಾಟಿ ಹದಿನಾರು ಹುಟ್ಟು, ಎಡಕ್ಕೆ ಎಂದಳು.

ನಾನು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಇದ್ದೆ. ದ್ಯಾಮಿ ತಟ್ಟನೆ ಎದ್ದು ನಿಂತಳು.

"ಇಪ್ಪತ್ತಾರು."

ನಾನು ನೀರು ನೋಡುತ್ತಿದ್ದೆ. ಅವಳು ಹಿರಿಯರ ಕಡೆ ತಿರುಗಿ ಮತ್ತೆ ಕೂಗಿದಳು. ಕತ್ತಿನ ನರ ಉಬ್ಬಿತ್ತು. ಕಂಬಳಿಯ ಮೇಲೆ ಕೂತವರು ಅದೇನೋ ಬಾಯಾಡಿಸುತ್ತಿದೆ ಹುಡುಗಿ ಎಂದು ನೋಡಿ ಸುಮ್ಮನಾದರು. ಅವಳು ನನ್ನ ಕಡೆ ತಿರುಗಿದಳು. ಅವ್ವ, ಇಪ್ಪತ್ತಾರಲ್ವಾ, ಕೈ ಎತ್ತು ಎಂದಳು. ನಾನು ನೀರು ನೋಡುತ್ತಿದ್ದೆ. ಕಲ್ಲಿನ ಮೇಲೆ ಸುಗುಣ ಮುಂದಿನ ಬಂಡೆಗೆ ಹೋಗಲೋ ಬೇಡವೋ ಎಂದು ಕಾಯುತ್ತಿದ್ದಳು.

ವನಜಾಕ್ಷಿ ಬಗ್ಗಿ, ಏನಂದೆ ಮಗಾ ಎಂದು ದ್ಯಾಮಿಯನ್ನು ಕೇಳಿದಳು. ದ್ಯಾಮಿ ಹೇಳಿದಳು. ವನಜಾಕ್ಷಿ ನನ್ನ ಮುಖ ನೋಡಿದಳು. ನಾನು ಹೌದು ಎನ್ನಬಹುದಿತ್ತು. ಇಲ್ಲ ಎಂದು ತಲೆಯಾಡಿಸಿದ್ದರೂ ಅವಳು ನಂಬುತ್ತಿದ್ದಳು, ಹದಿನಾರು ವರ್ಷದಿಂದ ನನ್ನ ಮಾತನ್ನು ಒಮ್ಮೆಯೂ ಯಾಕೆ ಎಂದು ಕೇಳಿದವಳಲ್ಲ. ನಾನು ಎರಡೂ ಮಾಡಲಿಲ್ಲ. ಅವಳು ನೆಟ್ಟಗೆ ನಿಂತು, ಪ್ರತಿ ಬೆಳಗ್ಗೆ ನನ್ನ ಮಾತನ್ನು ಎತ್ತಿಕೊಳ್ಳುತ್ತಿದ್ದ ಹಾಗೆಯೇ ನನ್ನ ಮಗಳ ಮಾತನ್ನು ಎತ್ತಿಕೊಂಡು ಕೂಗಿದಳು.

"ತಪ್ಪು. ಇಪ್ಪತ್ತಾರು."

ಊರಿಗೆ ಊರೇ ಕೇಳಿತು. ಸುಗುಣ ಒಂದು ಗಳಿಗೆ ಅಮ್ಮನನ್ನು ನೋಡಿ, ಕಲ್ಲಿಳಿದು, ಮುಖ ಮುಚ್ಚಿಕೊಂಡು ಅಳುತ್ತ ಹೋದಳು. ಹಿರಿಯರೆಲ್ಲ ಎದ್ದು ನಿಂತುಬಿಟ್ಟರು. ಪಂಪಣ್ಣ ಕೋಲೂರಿಕೊಂಡು ಬಂದು ವನಜಾಕ್ಷಿಗೆ ಕೈಮುಗಿದ. ಹೆತ್ತ ಮಗಳನ್ನೇ ಇಳಿಸಿದೆಯಲ್ಲ ತಾಯಿ, ದೊಡ್ಡ ಮನೆ ಅಂದರೆ ಇದು, ದನಿ ಒಂದೇ ಅಲ್ಲ, ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ವನಜಾಕ್ಷಿ ಎಷ್ಟೋ ಸಲ ಹೇಳಿದಳು, ನನಗೇನೂ ಗೊತ್ತಿಲ್ಲ, ಹೊನ್ನಿ ಮಗಳು ಹೇಳಿದ್ದು, ಆ ಹುಡುಗೀನ ಕೇಳಿ ಎಂದು. ಪಂಪಣ್ಣ ಬೊಚ್ಚು ಬಾಯಿ ಬಿಟ್ಟು ನಕ್ಕು, ಇದೇ ನೋಡಿ ನಾವು ಕಲಿಯಬೇಕಾದದ್ದು ಎಂದು ಸುತ್ತಲಿದ್ದವರಿಗೆ ಹೇಳಿದ. ದ್ಯಾಮಿ ಅವರ ನಡುವೆ ಎರಡೂವರೆ ಮಾರಿನೊಳಗೇ ನಿಂತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ.

ನಾನು ಆಗಲೂ ಉರಿದೆ. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಉರಿದೆ. ನನ್ನ ಮಗಳು ಹೇಳಿದ ಸತ್ಯ ಕೂಡ ಅವಳ ಮನೆಯ ಕೀರ್ತಿಗೆ ಹೋಗಿ ಸೇರಿತಲ್ಲ ಎಂದು. ಜನ ಕರಗಿದ ಮೇಲೆ ವನಜಾಕ್ಷಿ ನನ್ನ ಹತ್ತಿರ ಬಂದು ಕೂತಳು. ನಾನು ಬೈಗುಳಕ್ಕೆ ಕಾದೆ. ಊರಿನ ಮುಂದೆ ನನ್ನ ಮಾನ ಕಳೆಯಲು ಅವಳಿಗೆ ಒಂದು ಮಾತು ಸಾಕಿತ್ತು, ಅದು ನಾನೂರು ಮಾರು ಹೋಗುತ್ತಿತ್ತು.

"ಬಿಸಿಲಿಗೆ ಮರೆತುಹೋಗಿರ್ಬೇಕು ನಿಂಗೆ. ಬಿಡು" ಎಂದಳು, ನನಗೆ ಮಾತ್ರ ಕೇಳಿಸುವ ಹಾಗೆ.

ಅವಳು ಎದ್ದು ಮಗಳನ್ನು ಸಮಾಧಾನ ಮಾಡಲು ಹೋದಳು. ಮರೆತದ್ದಲ್ಲ ಎಂದು ಅವಳಿಗೆ ತಿಳಿದಿತ್ತು, ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಅಷ್ಟು ಸುಲಭವಾಗಿ ಒಳ್ಳೆಯವಳಾಗಿರಲು ನನಗೆ ಯಾಕೆ ಬರುವುದಿಲ್ಲ, ಅದನ್ನೂ ಇವಳು ಅಪ್ಪನ ಮನೆಯಿಂದಲೇ ತಂದಳೋ ಎಂದು ಯೋಚಿಸುತ್ತ ನಾನು ಬಿಸಿಲಿನಲ್ಲಿ ಬಹಳ ಹೊತ್ತು ಕೂತೆ. ಹದಿನಾರು ಎಂದು ಕಲಿಸಿದ್ದು ನಮ್ಮಪ್ಪ ಅಲ್ಲ. ನನಗೆ ಮೂರು ಮಾರು ಕೊಟ್ಟ ಅಪ್ಪ ಆ ಸುಳ್ಳನ್ನು ಕೊಟ್ಟಿರಲಿಲ್ಲ. ಅದು ನನ್ನ ಸ್ವಂತ ಸಂಪಾದನೆ.

ಮನೆಗೆ ಬಂದಾಗ ದ್ಯಾಮಿ ಅಪ್ಪನ ಬಲೆಯ ರಾಶಿಯ ಮೇಲೆ ಕೂತಿದ್ದಳು. ನಾನು ಅವಳನ್ನು ಮಾತಾಡಿಸದೆ ಒಲೆ ಹಚ್ಚಿದೆ. ಅನ್ನಕ್ಕೆ ನೀರಿಟ್ಟೆ. ಅವಳು ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ನಮ್ಮ ಅಡುಗೆಮನೆ ಚಿಕ್ಕದು, ಹೊಸ್ತಿಲಿನಿಂದ ಒಲೆಗೆ ಒಂದೂವರೆ ಮಾರು ಇದ್ದೀತು.

"ಅವ್ವ, ಅಲ್ಲಿದ್ದೋರಿಗೆ ಯಾರಿಗೂ ಕೇಳ್ಸಲ್ಲ ಅಂತ ನಂಗೆ ಗೊತ್ತು. ನಿಂಗೆ ಕೇಳ್ಸಿತ್ತು ಅಲ್ವಾ?"

ಒಲೆಯಲ್ಲಿ ಕಟ್ಟಿಗೆ ಹಸಿಯಾಗಿತ್ತು, ಹೊಗೆ ಬರುತ್ತಿತ್ತು. ನಾನು ಒಲೆಯಿಂದ ಮುಖ ಎತ್ತದೆ, ಇಲ್ಲ, ಕೇಳಿಸಲಿಲ್ಲ ಎಂದೆ.

ದ್ಯಾಮಿ ಹೊಸ್ತಿಲು ದಾಟಿ ಒಳಗೆ ಬಂದು, ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ನನ್ನ ಕಿವಿಗೆ ಬಾಯಿ ತಂದು ಅದನ್ನೇ ಇನ್ನೊಮ್ಮೆ ಕೇಳಿದಳು.